ತರಗತಿಗೆ ಬಂದ ಎಐ: ಶಿಕ್ಷಕರು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಣಿತದ ಟೀಚರ್. ಮೊಬೈಲ್, ಕಂಪ್ಯೂಟರ್ ಅಂದರೆ ಸ್ವಲ್ಪ ಆಸಕ್ತಿ ಜಾಸ್ತಿ. ಅದೊಂದೇ ಕಾರಣಕ್ಕೆ ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ ಎಲ್ಲರೂ ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಎಐ ಮೇಲೆ ನನಗೆ ಭಕ್ತಿಯೂ ಇಲ್ಲ, ಸಿಟ್ಟೂ ಇಲ್ಲ. ಹೊಸ ಸಾಧನ ಯಾವುದೇ ಬರಲಿ, ನಾನು ನೋಡುವುದು ಒಂದನ್ನೇ: ಇದು ಬಂದ ಮೇಲೆ ತಲೆ ಓಡಿಸುವವರು ಯಾರು? ಮಗುವಾ, ಯಂತ್ರವಾ?

ಅಷ್ಟಕ್ಕೂ ತರಗತಿಯಲ್ಲಿ ಏನು ಬದಲಾಗಿದೆ?

ಉತ್ತರ ಅಗ್ಗವಾಗಿದೆ. ಅದೇ ದೊಡ್ಡ ಬದಲಾವಣೆ.

ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ವಿಡಿಯೊ ಪಾಠ ಇವೆಲ್ಲ ಬಂದು ಬಹಳ ವರ್ಷವಾಯಿತು. ಅವು ಪಾಠ ತೋರಿಸುವ ರೀತಿಯನ್ನು ಬದಲಿಸಿದವು, ಅಷ್ಟೇ. ಲೆಕ್ಕವನ್ನು ಮಗುವೇ ಮಾಡಬೇಕಿತ್ತು, ಪ್ರಬಂಧವನ್ನು ಮಗುವೇ ಬರೆಯಬೇಕಿತ್ತು. 2014ರಲ್ಲಿ ಫೋಟೊಮ್ಯಾಥ್ ಎಂಬ ಆ್ಯಪ್ ಬಂತು. ಲೆಕ್ಕದ ಫೋಟೊ ಹಿಡಿದರೆ ಸಾಕು, ಹಂತ ಹಂತವಾಗಿ ಬಿಡಿಸಿ ತೋರಿಸುತ್ತಿತ್ತು. ಆಗ ಗಣಿತದ ಮೇಷ್ಟ್ರುಗಳಿಗೆ ಮಾತ್ರ ತಲೆಬಿಸಿ. ಭಾಷೆ, ಸಮಾಜ ಪಾಠ ಮಾಡುವವರು ಆರಾಮಾಗಿದ್ದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಆ ಆರಾಮವೂ ಹೋಯಿತು. ಪ್ರಬಂಧ, ಸಾರಾಂಶ, ಪ್ರಾಜೆಕ್ಟ್ ವರದಿ, ಕೊನೆಗೆ ರಜೆ ಅರ್ಜಿ ಕೂಡ ಅದೇ ಬರೆದುಕೊಡುತ್ತದೆ.

ನಾವು ಇಷ್ಟು ದಿನ ಉತ್ತರ ನೋಡಿ 'ಈ ಮಗುವಿಗೆ ಗೊತ್ತಿದೆ' ಅಂತ ಅಂದಾಜು ಮಾಡುತ್ತಿದ್ದೆವು. ಆ ಅಂದಾಜಿಗೆ ಈಗ ಬೆಲೆ ಇಲ್ಲ.

'ಕ್ರಾಂತಿ ಆಗುತ್ತೆ' ಅಂತ ಹಿಂದೆಯೂ ಹೇಳಿದ್ದರಲ್ಲ?

ಹೇಳಿದ್ದರು, ಒಂದು ಸಲವಲ್ಲ. 1913ರಲ್ಲೇ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕಗಳ ಕಾಲ ಮುಗಿಯಿತು, ಇನ್ನು ಸಿನಿಮಾದಿಂದಲೇ ಪಾಠ ಅಂದಿದ್ದರು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1953ರಲ್ಲಿ ಮಗಳ ಗಣಿತದ ಕ್ಲಾಸಿನಲ್ಲಿ ಹೋಗಿ ಕೂತರು. ಮಕ್ಕಳಿಗೆ ತಮ್ಮ ಉತ್ತರ ಸರಿಯೋ ತಪ್ಪೋ ಆಗಿಂದಾಗಲೇ ಗೊತ್ತಾಗುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಮರುವರ್ಷವೇ ಒಂದು 'ಬೋಧನಾ ಯಂತ್ರ' ಮಾಡಿ ತೋರಿಸಿದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಪಾಠ ವ್ಯವಸ್ಥೆ ಶುರುವಾಯಿತು.

ನನಗೆ ಜಾಸ್ತಿ ಪಾಠ ಕಲಿಸಿದ್ದು ಪೆರು ದೇಶದ ಕತೆ. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಅಧ್ಯಯನ ಮಾಡಿ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಯಂತ್ರ ಕೊಟ್ಟರು, ಪಾಠ ಮಾತ್ರ ಇದ್ದ ಹಾಗೇ ಇತ್ತು.

ಹಾಗಂತ ಎಐ ಕೂಡ ಹಾಗೇ ಬಂದು ಹಾಗೇ ಹೋಗುತ್ತದೆ ಅಂತ ನಾನು ಅನ್ನುವುದಿಲ್ಲ. ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಇದು ಮಕ್ಕಳ ಕೈಗೆ ಮನೆಯಲ್ಲೇ ಸಿಕ್ಕಿದೆ, ನಮ್ಮನ್ನು ಕೇಳಿ ಬಂದಿಲ್ಲ.

ಎಐ ಅಷ್ಟು ಧೈರ್ಯವಾಗಿ ತಪ್ಪು ಹೇಳುತ್ತದಲ್ಲ, ಯಾಕೆ?

ಅದಕ್ಕೆ ಗೊತ್ತಿರುವುದು ಮುಂದಿನ ತುಣುಕು ಯಾವುದಿರಬಹುದು ಎಂಬ ಲೆಕ್ಕಾಚಾರ. ರಾಶಿ ರಾಶಿ ಬರಹ ಓದಿಸಿ ಅದನ್ನು ತಯಾರು ಮಾಡಿರುತ್ತಾರೆ. ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ ಮುಂದೆ ಯಾವುದು ಹೊಂದುತ್ತದೆ ಅಂತ ಒಂದೊಂದೇ ತುಣುಕು ಜೋಡಿಸುತ್ತಾ ಹೋಗುತ್ತದೆ. ನಿಜ ಹೇಳುವಾಗಲೂ ಸುಳ್ಳು ಹೇಳುವಾಗಲೂ ಅದು ಮಾಡುವ ಕೆಲಸ ಒಂದೇ. ಅದಕ್ಕೇ ಎರಡರ ಧಾಟಿಯೂ ಒಂದೇ. ಈಚಿನ ಕೆಲವು ಎಐಗಳು ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬಳಸುತ್ತವೆ, ವೆಬ್ ಹುಡುಕಿ ನೋಡುತ್ತವೆ. ತಪ್ಪು ಕಡಿಮೆಯಾಗಿದೆ, ನಿಂತಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಶೇಕಡಾ ಲೆಕ್ಕಗಳ ವರ್ಕ್‌ಶೀಟನ್ನು ಒಂದು ಎಐ ಕೈಲಿ ಮಾಡಿಸಿದ್ದೆ, ಕೊನೆಗೆ ಉತ್ತರಗಳ ಸಮೇತ. ಗಡಿಬಿಡಿಯಲ್ಲಿ ಉತ್ತರಗಳನ್ನು ಸರಿಯಾಗಿ ನೋಡಲಿಲ್ಲ. ಏಳನೇ ಪ್ರಶ್ನೆ ಹೀಗಿತ್ತು: ಒಂದು ವಸ್ತುವಿನ ಬೆಲೆ 20% ಏರಿ, ಆಮೇಲೆ 20% ಇಳಿದರೆ ಕೊನೆಗೆ ಏನಾಗುತ್ತದೆ? ಎಐ ಕೊಟ್ಟ ಉತ್ತರ: 'ಬದಲಾವಣೆ ಇಲ್ಲ'. ಬೋರ್ಡಿನ ಮೇಲೆ ಅದನ್ನೇ ಬರೆದೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. 'ಟೀಚರ್, 100 ಇದ್ದದ್ದು 120 ಆಗುತ್ತೆ. 120ರಲ್ಲಿ 20% ಅಂದ್ರೆ 24. 96 ಬರ್ಬೇಕು ಅಲ್ವಾ?'

96ಏ ಸರಿ. 4% ಇಳಿಕೆ.

ಆ ಸಂಜೆ ಎಐಗೆ ಅದರ ತಪ್ಪನ್ನು ತೋರಿಸಿದೆ. ಬಹಳ ವಿನಯದಿಂದ ಕ್ಷಮೆ ಕೇಳಿ 96 ಅಂದಿತು. ಸುಮ್ನೆ ಪರೀಕ್ಷೆಗೆ, 'ಇಲ್ಲ, ನೀನು ಮೊದಲು ಹೇಳಿದ್ದೇ ಸರಿ' ಅಂದೆ. ಅದಕ್ಕೂ ಕ್ಷಮೆ ಕೇಳಿತು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಿದ್ದೇವೆ. ಇದು ನೀವು ಹಿಡಿದ ಮೊಲಕ್ಕೂ ನೀವು ಹೇಳಿದಷ್ಟೇ ಕಾಲು ಅನ್ನುತ್ತದೆ. ಕಲಿಯುವ ಮಗುವಿಗೆ ಎರಡನೆಯದೇ ಹೆಚ್ಚು ಅಪಾಯ.

ಕನ್ನಡದಲ್ಲಿ ಕೇಳಿದರೆ ಉತ್ತರ ಯಾಕೆ ಸಪ್ಪೆ?

ಕಾರಣ ಎರಡು. ಅದು ಓದಿದ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು, ಕನ್ನಡದ್ದು ಚೂರುಪಾರು. ಇನ್ನೊಂದು ಸ್ವಲ್ಪ ತಾಂತ್ರಿಕ. ಎಐ ಪದಗಳನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಜಾಗ ಸಾಕು. ಕನ್ನಡದಲ್ಲಿ ಮೂಲ ಅಕ್ಷರ, ಅದರ ಸ್ವರ ಚಿಹ್ನೆ, ಒತ್ತಿನ ಹಿಂದಿರುವ ಹಲಂತ ಚಿಹ್ನೆ (್), ಪ್ರತಿಯೊಂದಕ್ಕೂ 3 ಬೈಟ್. 'ಸ್ತ್ರೀ' ಅನ್ನುವ ಒಂದೇ ಅಕ್ಷರದೊಳಗೆ ಆರು ಸಂಕೇತಗಳಿವೆ, 18 ಬೈಟ್. ಟೋಕನ್ ಕಟ್ಟುವುದು ಸಾಮಾನ್ಯವಾಗಿ ಈ ಬೈಟ್‌ಗಳಿಂದಲೇ. ಹಾಗಾಗಿ ಒಂದೇ ಮಾತಿಗೆ ಕನ್ನಡದಲ್ಲಿ ಸಾಮಾನ್ಯವಾಗಿ ಜಾಸ್ತಿ ಟೋಕನ್ ಖರ್ಚಾಗುತ್ತದೆ. ಹೊಸ ಎಐಗಳಲ್ಲಿ ಇದು ಸುಧಾರಿಸುತ್ತಿದೆ.

ತರಗತಿಯಲ್ಲಿ ತೊಂದರೆ ಕಾಣುವುದು ಪಾರಿಭಾಷಿಕ ಪದಗಳಲ್ಲಿ. ಘಾತ ಅನ್ನಬೇಕಾದ ಕಡೆ 'ಶಕ್ತಿ' ಅನ್ನುತ್ತದೆ. ಗುಣಲಬ್ಧಕ್ಕೆ 'ಉತ್ಪನ್ನ' ಅನ್ನುತ್ತದೆ. ಇಂಗ್ಲಿಷ್ ಪದವನ್ನು ನೇರ ಎತ್ತಿ ತಂದದ್ದು ಅಂತ ನಮಗೆ ಗೊತ್ತಾಗುತ್ತದೆ. ಮಗುವಿಗೆ ಗೊತ್ತಾಗುವುದಿಲ್ಲ, '5 ಮತ್ತು 8ರ ಉತ್ಪನ್ನ' ಅಂದರೆ ಕಾರ್ಖಾನೆ ನೆನಪಾಗುತ್ತದೆ. ನಾನು ಮಾಡುವ ಉಪಾಯ ಇಷ್ಟು: ಪಠ್ಯಪುಸ್ತಕದ ಆ ಪಾಠದ ಎರಡು ಪ್ಯಾರಾವನ್ನು ಮೊದಲು ಕೊಟ್ಟು, 'ಇದರಲ್ಲಿರುವ ಪದಗಳನ್ನೇ ಬಳಸು' ಅನ್ನುತ್ತೇನೆ. ಬಹಳ ವ್ಯತ್ಯಾಸ ಬರುತ್ತದೆ.

ಹೋಮ್‌ವರ್ಕ್ ಎಲ್ಲ ಎಐ ಕೈಲೇ ಮಾಡಿಸುತ್ತಾರೆ. ಏನು ಮಾಡೋಣ?

ಜಾಸ್ತಿ ಜನ ಕೇಳುವುದು ಇದನ್ನೇ. ಉತ್ತರವೂ ಸ್ವಲ್ಪ ಉದ್ದ.

ಮೊದಲು, ಇದರಿಂದ ನಿಜಕ್ಕೂ ನಷ್ಟವಿದೆಯಾ? ಇದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು 1000 ಮಕ್ಕಳ ಮೇಲೆ ನಡೆದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಗಣಿತ ಅಭ್ಯಾಸದ ಹೊತ್ತಿನಲ್ಲಿ ಒಂದು ಗುಂಪಿಗೆ ಮಾಮೂಲಿ ಚಾಟ್‌ಬಾಟ್ (ಚಾಟ್‌ಜಿಪಿಟಿಯಂತೆ ಕೇಳಿದ್ದಕ್ಕೆ ಉತ್ತರಿಸುವ ಎಐ) ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ತಿದ್ದಿದ ಚಾಟ್‌ಬಾಟ್. ಮೂರನೆಯದಕ್ಕೆ ಪುಸ್ತಕ, ನೋಟ್ಸು ಅಷ್ಟೇ. ಅಭ್ಯಾಸದಲ್ಲಿ ಮೊದಲ ಗುಂಪು ಪುಸ್ತಕದ ಗುಂಪಿಗಿಂತ 48% ಚೆನ್ನಾಗಿ ಮಾಡಿತು. ಸುಳಿವಿನ ಗುಂಪು 127% ಮುಂದೆ. ಆಮೇಲೆ ಎಲ್ಲರ ಕೈಯಿಂದ ಎಲ್ಲ ಕಿತ್ತುಕೊಂಡು ಪರೀಕ್ಷೆ ಇಟ್ಟರು. ಮಾಮೂಲಿ ಚಾಟ್‌ಬಾಟ್ ಬಳಸಿದವರು ಪುಸ್ತಕದ ಗುಂಪಿಗಿಂತ 17% ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ನಷ್ಟ ಆಗಲಿಲ್ಲ. ನನಗೆ ಚುಚ್ಚಿದ ಮಾತು ಇನ್ನೊಂದಿದೆ: ತಾವು ಕಡಿಮೆ ಕಲಿತಿದ್ದೇವೆ ಅಂತ ಆ ಮಕ್ಕಳಿಗೇ ಅನ್ನಿಸಿರಲಿಲ್ಲ.

ಮಗು ಕಳ್ಳಾಟ ಆಡುತ್ತಿದೆ ಅಂತ ಬೈಯುವ ಮುಂಚೆ ಇದನ್ನು ಯೋಚಿಸಬೇಕು. ಎಷ್ಟೋ ಮಕ್ಕಳಿಗೆ ಅದು ಕಳ್ಳಾಟ ಅನ್ನಿಸುವುದೇ ಇಲ್ಲ. ಓದಿದರೆ ಅರ್ಥವಾಯಿತು, ಬರೆದುಕೊಂಡೆ, ಮುಗಿಯಿತು. ಇನ್ನೊಬ್ಬರು ಈಜುವುದನ್ನು ದಂಡೆಯ ಮೇಲೆ ಕೂತು ನೋಡಿದರೂ ಅರ್ಥವಾಗುತ್ತದೆ ತಾನೇ?

ನಾನು ಮಾಡಿಕೊಂಡ ಬದಲಾವಣೆ ಹೇಳುತ್ತೇನೆ. ಹೋಮ್‌ವರ್ಕಿಗೆ ಈಗ ನಾನು ಅಂಕ ಕೊಡುವುದಿಲ್ಲ. ಅಂಕವಿದ್ದ ಕಡೆಯೇ ಕಾಪಿ ಹೊಡೆಯುವ ಆಸೆ. ಅದರ ಬದಲು ಮರುದಿನ ಬೆಳಿಗ್ಗೆ ಮೊದಲ ಐದು ನಿಮಿಷ, ಹೋಮ್‌ವರ್ಕಿನದೇ ಒಂದು ಲೆಕ್ಕವನ್ನು ಸಂಖ್ಯೆ ಬದಲಿಸಿ ಬೋರ್ಡಿನ ಮೇಲೆ ಬರೆಯುತ್ತೇನೆ. ಚೀಟಿಯಲ್ಲಿ ಮಾಡಿ ಕೊಡಬೇಕು. ಮನೆಯಲ್ಲಿ ತಾನೇ ಕೂತು ಮಾಡಿದ ಮಗುವಿಗೆ ಮೂರು ನಿಮಿಷ ಸಾಕು. ಮೊದಲ ವಾರ ಅರ್ಧ ಕ್ಲಾಸಿನ ಚೀಟಿ ಖಾಲಿ ಬಂದವು. ಯಾರಿಗೂ ನಾನು ಏನೂ ಅನ್ನಲಿಲ್ಲ. ಮೂರನೇ ವಾರಕ್ಕೆ ಚೀಟಿಗಳು ತುಂಬತೊಡಗಿದವು.

ಭಾಷೆಯ ಟೀಚರ್ ಒಬ್ಬರು ನಮ್ಮಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಪ್ರಬಂಧದ ಮೊದಲ ಕರಡು ಕ್ಲಾಸಿನಲ್ಲೇ, ಪೆನ್ನಿನಲ್ಲೇ. ಮನೆಗೆ ಹೋಗಿ ಬೇಕಿದ್ದರೆ ಎಐಗೆ ತೋರಿಸಬಹುದು. ಆದರೆ ಅದು ಹೇಳಿದ ಮೂರು ಸಲಹೆಗಳಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಬಿಟ್ಟೆ, ಯಾಕೆ ಅಂತ ಅಂಚಿನಲ್ಲಿ ಬರೆಯಬೇಕು. ಒಬ್ಬಳು ಹೀಗೆ ಬರೆದಿದ್ದಳಂತೆ: 'ನನ್ನ ಅಜ್ಜಿ ಹೀಗೆ ಮಾತಾಡಲ್ಲ, ಅದಕ್ಕೆ ಬಿಟ್ಟೆ.' ಆ ಒಂದು ಸಾಲಿಗೆ ಪೂರ್ತಿ ಅಂಕ ಕೊಟ್ಟರಂತೆ. ನಾನಾಗಿದ್ದರೂ ಕೊಡುತ್ತಿದ್ದೆ.

ಎಐ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ನಂಬಬಹುದಾ?

ಬೇಡ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದನ್ನು ಬಿಟ್ಟು, ಸರಿಯಾಗಿ ಪತ್ತೆ ಹಚ್ಚುತ್ತಿಲ್ಲ ಅಂತ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಥ ಏಳು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಅವು 'ಎಐ ಬರೆದದ್ದು' ಅಂದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅವರ ತಪ್ಪು.

ಅನುಮಾನ ಬಂದರೆ ಮಗುವನ್ನು ಪಕ್ಕಕ್ಕೆ ಕರೆದು, ನಗುನಗುತ್ತಾ ಕೇಳಿ: 'ಈ ಎರಡನೇ ಪ್ಯಾರಾ ನನಗೆ ಅರ್ಥ ಆಗಲಿಲ್ಲ ಪುಟ್ಟ, ಸ್ವಲ್ಪ ಹೇಳ್ತೀಯಾ?' ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಶಾಲೆಯಲ್ಲಿ ನಿಷೇಧ ಮಾಡಿಬಿಟ್ಟರೆ?

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಹಾಗೇ ಮಾಡಿದವು. ಮೇ ತಿಂಗಳಲ್ಲಿ ನಿಷೇಧ ತೆಗೆದವು. ಶಾಲೆಯ ವೈಫೈನಲ್ಲಿ ತಡೆಯಬಹುದು, ಮನೆಯ ಮೊಬೈಲಿನಲ್ಲಿ ತಡೆಯಲು ಆಗುವುದಿಲ್ಲ. ಪಾಠದ ಹೊತ್ತಿನಲ್ಲಿ ಫೋನ್ ಬ್ಯಾಗಿನೊಳಗೆ ಇರಬೇಕು ಅನ್ನುವುದು ಬೇರೆ ಮಾತು. ಅದಕ್ಕೆ ನನ್ನ ಎರಡೂ ಕೈ ಮೇಲೆ.

ಶಿಕ್ಷಕರಿಗೆ ಇದರಿಂದ ನಿಜವಾದ ಉಪಯೋಗ ಏನು?

ಪಾಠ ಯೋಜನೆ ಬರೆಸಬಹುದು, ನಿಜ. ಆದರೆ ಅದು ಬರೆಯುವ ಪಾಠ ಯೋಜನೆ ಎಲ್ಲ ಕ್ಲಾಸಿಗೂ ಹೊಂದುವಂಥದ್ದು, ಅಂದರೆ ಯಾವ ಕ್ಲಾಸಿಗೂ ಸರಿಯಾಗಿ ಹೊಂದದ್ದು. ಅದನ್ನು ತಿದ್ದುವ ಹೊತ್ತಿಗೆ ನಾವೇ ಬರೆಯಬಹುದಿತ್ತು. ಮಂತ್ರಕ್ಕಿಂತ ಉಗುಳೇ ಜಾಸ್ತಿ.

ನನಗೆ ಅದು ಚೆನ್ನಾಗಿ ಒದಗುವುದು ತಪ್ಪು ಉತ್ತರ ಹುಟ್ಟಿಸುವುದಕ್ಕೆ. ವಿಚಿತ್ರ ಅನ್ನಿಸಬಹುದು, ನೋಡಿ. ಒಮ್ಮೆ ಹೀಗೆ ಕೇಳಿದೆ:

'1/2 + 1/3 ಕೂಡಿಸುವಾಗ 12 ವರ್ಷದ ಮಕ್ಕಳು ಮಾಡಬಹುದಾದ ನಾಲ್ಕು ಬೇರೆ ಬೇರೆ ತಪ್ಪು ಹೇಳು. ಒಂದೊಂದರ ಹಿಂದೆ ಮಗು ಏನು ಯೋಚಿಸಿರಬಹುದು ಅಂತ ಒಂದು ಸಾಲು ಬರೆ.'

ಬಂದ ತಪ್ಪುಗಳು: 2/5, ಅಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದು. 2/6, ಛೇದ ಸಮ ಮಾಡಿ ಅಂಶ ಬದಲಿಸಲು ಮರೆತದ್ದು. 1/5, ಛೇದಗಳನ್ನಷ್ಟೇ ಕೂಡಿಸಿದ್ದು. 1/6, ಕೂಡುವ ಬದಲು ಗುಣಿಸಿದ್ದು. ನಾಲ್ಕನ್ನೂ ಬೋರ್ಡಿನ ಮೇಲೆ ಬರೆದು, ಯಾವುದು ಸರಿ ಅಂತ ಕೇಳಲಿಲ್ಲ. 'ಈ ನಾಲ್ಕೂ ತಪ್ಪು. ಲೆಕ್ಕ ಮಾಡದೆಯೇ ಅದು ಹೇಗೆ ಗೊತ್ತಾಗುತ್ತೆ?' ಅಂದೆ. ಕ್ಲಾಸು ಸುಮಾರು ಹೊತ್ತು ಗಪ್‌ಚುಪ್. ಆಮೇಲೆ ಒಬ್ಬ ಎದ್ದು ನಿಂತ: 'ಎಲ್ಲ ಅರ್ಧಕ್ಕಿಂತ ಕಮ್ಮಿ ಇದೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ?'

ಆ ಒಂದು ಪೀರಿಯಡ್ಡಿಗೆ ಎಐ ಮಾಡಿದ್ದು ಅರ್ಧ ನಿಮಿಷದ ಕೆಲಸ. ಉಳಿದದ್ದೆಲ್ಲ ಮಕ್ಕಳ ತಲೆಯಲ್ಲೇ ನಡೆಯಿತು.

ಇನ್ನು ಚಿಕ್ಕಪುಟ್ಟವು: ಒಂದೇ ಗದ್ಯವನ್ನು ಮೂರು ಮಟ್ಟದಲ್ಲಿ ಬರೆಸುವುದು, ಬಹು ಆಯ್ಕೆ ಪ್ರಶ್ನೆಗೆ ನಂಬುವಂಥ ತಪ್ಪು ಆಯ್ಕೆ ಕೊಡಿಸುವುದು, ಸುತ್ತೋಲೆಯ ಕರಡು. ಇವಕ್ಕೆ ಧಾರಾಳವಾಗಿ ಬಳಸಿ.

ಪ್ರತಿ ಮಗುವಿಗೂ ಒಬ್ಬ ಎಐ ಟ್ಯೂಟರ್ ಅನ್ನುತ್ತಾರೆ. ಅದು ಸಾಧ್ಯವಾ?

ಈ ಕನಸಿನ ಹಿಂದೆ 1984ರ ಒಂದು ಲೇಖನವಿದೆ. ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಅದರಲ್ಲಿ, ಒಬ್ಬೊಬ್ಬರಿಗೇ ಕೂರಿಸಿ ಹೇಳಿಕೊಟ್ಟರೆ ಸಾಧಾರಣ ಮಗುವೂ ಮಾಮೂಲಿ ತರಗತಿಯ ಸುಮಾರು 98% ಮಕ್ಕಳಿಗಿಂತ ಮುಂದೆ ಹೋಗುತ್ತದೆ ಅಂದಿದ್ದರು. ಎಐ ಮಾರುವವರೆಲ್ಲ ಇದನ್ನೇ ಹೇಳುತ್ತಾರೆ. ಆಮೇಲೆ ಬಂದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ ಅನ್ನುವುದನ್ನು ಹೇಳುವುದಿಲ್ಲ. ಲಾಭ ಇದೆ, ಆದರೆ ಅದರ ಅರ್ಧದಷ್ಟೂ ಇಲ್ಲ.

ಆದರೂ ಅದನ್ನು ತಳ್ಳಿಹಾಕುವಂತಿಲ್ಲ. ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ, ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ಸಾಫ್ಟ್‌ವೇರ್‌ನ ಅಧ್ಯಯನ ಒಳ್ಳೆಯ ಉದಾಹರಣೆ. ಶಾಲೆ ಮುಗಿದ ಮೇಲೆ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಕಲಿಯುತ್ತಿದ್ದರು, ಜೊತೆಗೆ ಒಬ್ಬರು ಸಹಾಯಕರೂ ಇರುತ್ತಿದ್ದರು. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಚೆನ್ನಾಗಿ ಸುಧಾರಿಸಿದರು. ಅದರಲ್ಲಿ ಚಾಟ್‌ಬಾಟ್ ಇರಲಿಲ್ಲ. ಮಗು ಯಾವ ತರಗತಿಯಲ್ಲಿ ಕೂತಿದೆ ಅಂತ ನೋಡದೆ, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೋ ಅಲ್ಲಿಂದ ಶುರು ಮಾಡಿತು. ನಲವತ್ತು ಮಕ್ಕಳ ಮುಂದೆ ನಿಂತ ಟೀಚರಿಗೆ ಕಷ್ಟವಾಗುವುದು ಇದೇ ಅಲ್ವಾ?

ಟ್ಯೂಟರ್ ಆ್ಯಪ್ ಆರಿಸುವಾಗ ನಾನು ಮೊದಲು ಮಾಡುವ ಪರೀಕ್ಷೆ: 'ನನಗೆ ಬರಲ್ಲ, ಉತ್ತರ ಹೇಳು' ಅಂತ ಮೂರು ಸಲ ಟೈಪ್ ಮಾಡುತ್ತೇನೆ. ಮೂರನೇ ಸಲಕ್ಕೆ ಉತ್ತರ ಒಪ್ಪಿಸಿಬಿಟ್ಟರೆ ಅದು ಟ್ಯೂಟರ್ ಅಲ್ಲ.

ಉತ್ತರ ಪತ್ರಿಕೆಯನ್ನು ಎಐ ತಿದ್ದಬಹುದಾ?

ಬಹು ಆಯ್ಕೆ ಪ್ರಶ್ನೆಯನ್ನು ಯಂತ್ರ ಎಷ್ಟೋ ದಶಕದಿಂದ ತಿದ್ದುತ್ತಿದೆ, ಅದು ದೊಡ್ಡ ವಿಷಯವಲ್ಲ. ಅಭ್ಯಾಸದ ಪ್ರಬಂಧಕ್ಕೆ ಆಗಿಂದಾಗ ಸಲಹೆ ಕೊಡಿಸುವುದೂ ತಪ್ಪಲ್ಲ. ಮಗುವಿನ ಭವಿಷ್ಯ ನಿರ್ಧರಿಸುವ ಅಂಕವನ್ನು ಮಾತ್ರ ಯಂತ್ರದ ಕೈಗೆ ಕೊಡಬಾರದು.

2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಇಂಗ್ಲೆಂಡಿನಲ್ಲಿ ಎ-ಲೆವೆಲ್ (ನಮ್ಮ ಪಿಯುಸಿ ಥರದ ಪರೀಕ್ಷೆ) ಗ್ರೇಡ್‌ಗಳನ್ನು ಒಂದು ಅಲ್ಗಾರಿದಮ್‌ನಿಂದ ಲೆಕ್ಕ ಹಾಕಿದರು. ಅದು ಶಾಲೆಯ ಹಿಂದಿನ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಶಿಕ್ಷಕರು ಅಂದಾಜಿಸಿದ ಗ್ರೇಡ್‌ಗಳಲ್ಲಿ ಸುಮಾರು 39% ಕೆಳಗಿಳಿದವು. ಮಕ್ಕಳು ಬೀದಿಗಿಳಿದರು. ಫಲಿತಾಂಶ ಬಂದದ್ದು ಆಗಸ್ಟ್ 13ಕ್ಕೆ, ಆಗಸ್ಟ್ 17ಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು. ಅದು ಇವತ್ತಿನ ಎಐ ಅಲ್ಲ, ಬರೀ ಅಂಕಿಅಂಶದ ಸೂತ್ರ. ಆದರೆ 'ನನಗೆ ಯಾಕೆ ಈ ಅಂಕ?' ಅಂತ ಕೇಳಿದ ಮಗುವಿಗೆ ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಯುರೋಪಿನ 2024ರ ಎಐ ಕಾಯ್ದೆ, ಮಕ್ಕಳ ಕಲಿಕೆಯನ್ನು ಅಳೆಯುವ ಎಐಯನ್ನು 'ಹೆಚ್ಚು ಅಪಾಯ'ದ ಪಟ್ಟಿಗೆ ಹಾಕಿದೆ. ಮಕ್ಕಳ ಮುಖ ನೋಡಿ ಭಾವನೆ ಊಹಿಸುವ ವ್ಯವಸ್ಥೆಗಳನ್ನು ಶಾಲೆಯಲ್ಲಿ ಬಳಸುವುದಕ್ಕೆ 2025ರ ಫೆಬ್ರುವರಿಯಿಂದ ಅಲ್ಲಿ ನಿಷೇಧವಿದೆ. ವೈದ್ಯಕೀಯ, ಸುರಕ್ಷತೆಯ ಕಾರಣಕ್ಕಷ್ಟೇ ವಿನಾಯಿತಿ. ಆಕಳಿಸಿದ್ದಕ್ಕೆಲ್ಲ ವರದಿ ಹೋಗುವ ಕ್ಲಾಸಿನಲ್ಲಿ ನಾನೇ ಕೂರುತ್ತಿರಲಿಲ್ಲ.

ಎಐ ಬಿಡಿ, ಮಾಮೂಲಿ ಡಿಜಿಟಲ್ ಸಾಧನಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ನನ್ನ ಮೆಚ್ಚಿನದು ಮತ ಹಾಕಿಸುವುದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ಇದನ್ನು ಬೆಳೆಸಿದರು. ಒಂದು ಪ್ರಶ್ನೆ ಹಾಕಿ, ಎಲ್ಲರೂ ಒಬ್ಬೊಬ್ಬರೇ ಯೋಚಿಸಿ ಉತ್ತರಕ್ಕೆ ಮತ ಹಾಕಲಿ. ಸರಿಸುಮಾರು 30ರಿಂದ 70% ಮಕ್ಕಳ ಉತ್ತರ ಸರಿ ಬಂದರೆ, ಉತ್ತರ ಹೇಳಬೇಡಿ. ಪಕ್ಕದವರ ಜೊತೆ ಜಗಳವಾಡಲು ಬಿಡಿ, ಮತ್ತೆ ಮತ ಹಾಕಿಸಿ. ಎರಡನೇ ಸಲಕ್ಕೆ ಸರಿ ಉತ್ತರ ಹೆಚ್ಚುವುದನ್ನು ಕಣ್ಣಾರೆ ನೋಡಬಹುದು.

ಇದಕ್ಕೆ ಪ್ರತಿ ಮಗುವಿಗೂ ಯಂತ್ರ ಬೇಕಿಲ್ಲ. ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಯಲ್ಲಿ ಬರೀ ಮುದ್ರಿಸಿದ ಕಾಗದದ ಕಾರ್ಡ್. ಹಿಡಿದ ದಿಕ್ಕಿನ ಮೇಲೆ ಉತ್ತರ. ಟೀಚರ್ ತನ್ನ ಫೋನನ್ನು ಒಮ್ಮೆ ಕ್ಲಾಸಿನ ಮೇಲೆ ಆಡಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ.

ಪ್ರತಿ ಮಗುವಿನ ಮುಂದೆ ಒಂದೊಂದು ತೆರೆ ಇಡುವ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಸಮೀಕ್ಷೆಯಲ್ಲಿ 2022ರಲ್ಲಿ ಸುಮಾರು 65% ಮಕ್ಕಳು, ಕೆಲವು ಗಣಿತ ಪಾಠಗಳಲ್ಲಾದರೂ ಡಿಜಿಟಲ್ ಸಾಧನದಿಂದ ತಮ್ಮ ಗಮನ ಹೋಗುತ್ತದೆ ಅಂತ ತಾವೇ ಒಪ್ಪಿಕೊಂಡರು. ಡಿಜಿಟಲ್ ಶಾಲೆಗಳಿಗೆ ಹೆಸರಾದ ಸ್ವೀಡನ್ ಸರ್ಕಾರವೇ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ಕೊಡಲು ಹೊರಟಿತು.

ಕಣ್ಣು, ಕಿವಿ, ಓದಿನ ತೊಂದರೆ ಇರುವ ಮಕ್ಕಳಿಗೆ?

ಇಲ್ಲಿ ನನ್ನ ತಕರಾರು ಏನೂ ಇಲ್ಲ. ಇದಕ್ಕಿಂತ ಒಳ್ಳೆಯ ಬಳಕೆ ಇನ್ನೊಂದಿಲ್ಲ. ಕಣ್ಣು ಕಾಣದವರಿಗೆ ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೇಲ್ ಕರ್ರನ್‌ಗೆ ಕಣ್ಣು ಕಾಣುವುದಿಲ್ಲ. ಕಿವಿ ಕೇಳದ ಮಗುವಿಗೆ ಟೀಚರ್ ಮಾತು ಆಗಲೇ ಅಕ್ಷರವಾಗಿ ಕಾಣುತ್ತದೆ. ಅಕ್ಷರ ಓದಲು ಕಷ್ಟಪಡುವ ಮಗು ಕೇಳಿಸಿಕೊಂಡು ಕಲಿಯಬಹುದು, ಬಾಯಲ್ಲಿ ಹೇಳಿ ಬರೆಸಬಹುದು. ಈ ಮಕ್ಕಳಿಗೆ ಯಂತ್ರ ಮಾಡುವುದು ಅಡ್ಡ ಬಂದ ಕಲ್ಲನ್ನು ಸರಿಸುವ ಕೆಲಸ. ಯೋಚನೆ ಅವರದೇ.

ಮಕ್ಕಳ ಮಾಹಿತಿಯ ಕತೆ ಏನು? ಎಷ್ಟು ವಯಸ್ಸಿಗೆ ಕೊಡಬಹುದು?

ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ, 49 ದೇಶಗಳ ಸರ್ಕಾರಗಳು ಕೋವಿಡ್ ಕಾಲದಲ್ಲಿ ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್, ವೆಬ್‌ಸೈಟ್‌ಗಳನ್ನು ಬಿಚ್ಚಿ ನೋಡಿತು. ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಹಕ್ಕಿಗೆ ಧಕ್ಕೆ ಆಗುವ ಹಾಗೆ ಮಾಹಿತಿ ಕಲೆಹಾಕುತ್ತಿದ್ದವು ಅಥವಾ ಅದಕ್ಕೆ ಅವಕಾಶ ಮಾಡಿಕೊಟ್ಟಿದ್ದವು. ಸರ್ಕಾರವೇ ಹೇಳಿದ ಆ್ಯಪ್‌ಗಳ ಪಾಡೇ ಇದು.

ಮಗುವಿನ ಹೆಸರು, ಫೋಟೊ, ಅಂಕಪಟ್ಟಿ, ಕಾಯಿಲೆಯ ವಿವರ ಇವನ್ನು ಚಾಟ್‌ಬಾಟಿಗೆ ಹಾಕಲೇಬೇಡಿ. ನಾನು 'ಒಬ್ಬ ವಿದ್ಯಾರ್ಥಿ' ಅಂತಷ್ಟೇ ಬರೆಯುತ್ತೇನೆ. ವಯಸ್ಸಿನ ಬಗ್ಗೆ ಯುನೆಸ್ಕೊ 2023ರ ಮಾರ್ಗಸೂಚಿಯಲ್ಲಿ, ಕನಿಷ್ಠ 13 ಆಗಲಿ ಅಂದಿದೆ. ಚಿಕ್ಕ ಮಕ್ಕಳಿಗೆ ತೋರಿಸಲೇಬೇಕೆಂದರೆ ಟೀಚರ್ ತಾವೇ ಟೈಪ್ ಮಾಡಿ, ಎಲ್ಲರಿಗೂ ಕಾಣುವಂತೆ ತೋರಿಸಲಿ.

ಇಂಟರ್ನೆಟ್ಟೇ ಸರಿಯಾಗಿಲ್ಲದ ಶಾಲೆ ಏನು ಮಾಡಬೇಕು?

ಟೀಚರ್ ಒಬ್ಬರ ಫೋನಿಗೆ ಆಗೊಮ್ಮೆ ಈಗೊಮ್ಮೆ ನೆಟ್ ಸಿಕ್ಕರೂ ಸಾಕು. ಮೇಲೆ ಹೇಳಿದ ತಪ್ಪು ಉತ್ತರಗಳ ಪಾಠಕ್ಕೆ ಬೇಕಾದದ್ದು ಒಂದು ಫೋನು, ಒಂದು ಸೀಮೆಸುಣ್ಣ. ಕೊಲಿಬ್ರಿ ಎಂಬ ಉಚಿತ ಸಾಫ್ಟ್‌ವೇರ್ ಕೂಡ ಇದೆ. ಒಮ್ಮೆ ಪಾಠಗಳನ್ನು ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ.

ಎಲ್ಲ ಫೋನಿನಲ್ಲೇ ಸಿಗುವಾಗ ಮಗ್ಗಿ ಯಾಕೆ ಬಾಯಿಪಾಠ ಮಾಡಿಸುತ್ತೀರಿ?

ಆ 96ರ ಹುಡುಗನನ್ನು ನೆನೆಸಿಕೊಳ್ಳಿ. 120ರಲ್ಲಿ 20% ಎಷ್ಟು ಅಂತ ಅವನು ಎಲ್ಲೂ ಹುಡುಕಲಿಲ್ಲ. ತಲೆಯಲ್ಲಿತ್ತು, ಅದಕ್ಕೇ ತಪ್ಪು ಕಣ್ಣಿಗೆ ಬಿತ್ತು.

ಹಾಗಾದರೆ ಶಿಕ್ಷಕರ ಕೆಲಸ ಹೋಗುವುದಿಲ್ಲವಾ?

ಬರೀ ನೋಟ್ಸ್ ಬರೆಸುವುದೇ ಪಾಠ ಅಂದುಕೊಂಡಿದ್ದರೆ, ಆ ಕೆಲಸ ಆಗಲೇ ಹೋಗಿದೆ. ಉಳಿದ ಕೆಲಸ ಮೊದಲಿಗಿಂತ ಜಾಸ್ತಿಯಾಗಿದೆ, ಕಷ್ಟವೂ ಆಗಿದೆ. ಚೀಟಿಯ ಪರೀಕ್ಷೆ ಶುರುವಾದ ಮೇಲೆ ನನಗೆ ದಿನಾ ನಲವತ್ತು ಚೀಟಿ ನೋಡುವುದಿರುತ್ತದೆ. ಎಐ ಕೈಲಿ ನೋಡಿಸಬಹುದಲ್ಲ ಅಂತ ಸಹೋದ್ಯೋಗಿಯೊಬ್ಬರು ಅಂದರು. ಒಂದು ದಿನ ನೋಡಿಸಿದೆ ಕೂಡ. ಸರಿ, ತಪ್ಪು ಎಲ್ಲ ಚೆನ್ನಾಗೇ ಗುರುತಿಸಿತು. ಆದರೆ ಒಂದು ಚೀಟಿಯಲ್ಲಿ ಮಗು ಸರಿ ಉತ್ತರ ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ತಪ್ಪು ಉತ್ತರ ಬರೆದಿತ್ತು. ಎಐ ಅದಕ್ಕೆ 'ತಪ್ಪು' ಅಂದಿತು, ಅದು ಸರಿಯೇ. ನಾನು ಮರುದಿನ ಆ ಹುಡುಗಿಯ ಬೆಂಚಿನ ಪಕ್ಕ ಕೂತು, ಯಾಕೆ ಹೊಡೆದೆ ಅಂತ ಕೇಳಿದೆ.

'ಪಕ್ಕದವಳದ್ದು ಬೇರೆ ಇತ್ತು ಟೀಚರ್. ಅವಳು ಯಾವಾಗ್ಲೂ ಫಸ್ಟ್ ಅಲ್ವಾ' ಅಂದಳು.